ಚಿನ್ನದ ಹಲ್ಲಿನ ಕಾರ್ಡು

ಮಾಸ್ತಿಯ ವೇಣು ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಹನ್ನೊಂದು ವರ್ಷದಿಂದ ಅದೇ ಬಸ್ಸು, ಅದೇ ಮೋಟಾರುಗಳು, ಅದೇ ಸೂಪರ್‌ವೈಸರನ ಗೊಣಗಾಟ. ಊರಲ್ಲಿ ಯಾರನ್ನಾದರೂ ವಿಚಾರಿಸಿ ನೋಡಿ, "ವೆಂಕಟರಮಣಪ್ಪನ ಮಗನಾ? ಫ್ಯಾಕ್ಟ್ರೀಗ್ ಹೋಗ್ತಾನೆ" ಅನ್ನುತ್ತಾರೆ. ಅಲ್ಲಿಗೆ ಅವನ ಜಾತಕ ಮುಗಿಯಿತು. ಕಂಡು ಕೇಳರಿಯದ ದೇಶಗಳ ಕಂಪ್ಯೂಟರುಗಳ ಒಳಗೆ ಅವನ ಹೆಸರಿದೆ ಎಂಬುದು ಮಾಸ್ತಿಯಲ್ಲಿ ಗೊತ್ತಿದ್ದದ್ದು ಮೂರೇ ಜನಕ್ಕೆ: ತಂದೆ, ತಾಯಿ, ಹೆಂಡತಿ ಸರಳಾ. ಆ ಮೂವರಲ್ಲೂ ಅದನ್ನು ಪೂರಾ ನಂಬಿದವಳು ತಾಯಿ ದೊಡ್ಡವೆಂಕಟಮ್ಮ ಒಬ್ಬಳೇ.

ವಿಷಯ ಇಷ್ಟು. ಲಿನಕ್ಸ್ ಅಂತ ಒಂದಿದೆ, ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ಅದಕ್ಕೆ ಯಜಮಾನ ಅಂತ ಒಬ್ಬನಿಲ್ಲ. ಯಾರು ಬೇಕಾದರೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದು, ಒಳಗೇನಿದೆ ಅಂತ ಬಿಚ್ಚಿ ನೋಡಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಎರಡು ಸಾವಿರದ ಮೂರರಲ್ಲಿ ವೇಣು ಕೋಲಾರದ ಅಂಗಡಿಯಿಂದ ಎರಡು ವೈರ್‌ಲೆಸ್ ಕಾರ್ಡು ತಂದ. ಕಂಪ್ಯೂಟರಿನ ಹೊಟ್ಟೆಯೊಳಗೆ ಸಿಕ್ಕಿಸಿದರೆ ತಂತಿಯಿಲ್ಲದೆ ನೆಟ್ ಹಿಡಿಯುವಂಥದ್ದು. ವಿಂಡೋಸಿನಲ್ಲಿ ನೆಟ್ಟಗೆ ನಡೆಯಿತು, ಲಿನಕ್ಸಿನಲ್ಲಿ ಕಲ್ಲಿನ ಹಾಗೆ ಕೂತಿತು. ಕಾರ್ಡಿನ ಮಾತು ಲಿನಕ್ಸಿಗೆ ತಿಳಿಯಬೇಕಾದರೆ ನಡುವೆ ಒಂದು ಸಣ್ಣ ತಂತ್ರಾಂಶ ಬೇಕು, ಅದಕ್ಕೆ ಡ್ರೈವರ್ ಅನ್ನುತ್ತಾರೆ. ಕಾರ್ಡು ಮಾಡಿದ ಕಂಪನಿಯ ಮಹಾನುಭಾವರು ಲಿನಕ್ಸಿಗೆ ಅದನ್ನು ಬರೆಯಲಿಲ್ಲ, ಬರೆಯುವವರಿಗೆ ಒಂದು ಹಾಳೆ ವಿವರವನ್ನೂ ಕೊಡಲಿಲ್ಲ, ಕೊನೆಗೆ ಬಾಗಿಲು ಮುಚ್ಚಿಕೊಂಡು ಹೊರಟೇಹೋದರು.

ಬೇರೆ ಯಾರಾದರೂ ಆಗಿದ್ದರೆ ಕಾರ್ಡನ್ನು ಮೂಲೆಗೆಸೆದು ಸುಮ್ಮನಾಗುತ್ತಿದ್ದರು. ವೇಣು ಹಟಕ್ಕೆ ಬಿದ್ದ. ವಿಂಡೋಸಿನಲ್ಲಿ ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಓಡಾಡುವ ಅಂಕಿಗಳನ್ನು ಕದ್ದು ನೋಡಿದ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡ, ಈ ಅಂಕಿ ಕಳಿಸಿದರೆ ಕಾರ್ಡು ಎಚ್ಚರಾಗುತ್ತದೆ, ಆ ಅಂಕಿ ಕಳಿಸಿದರೆ ಮಲಗುತ್ತದೆ ಅಂತ ಒಂದೊಂದಾಗಿ ಕಂಡುಹಿಡಿದ. ಎರಡು ವರ್ಷ ಹಿಡಿಯಿತು. ಮಧ್ಯೆ ಸಿಡಿಲಿಗೆ ಒಂದು ಕಾರ್ಡು ಸುಟ್ಟುಹೋಯಿತು. ಉಳಿದೊಂದನ್ನು ಕಣ್ಣಿನ ಗುಡ್ಡೆಯ ಹಾಗೆ ಕಾಪಾಡಿಕೊಂಡು ಮೂರು ಸಾವಿರದ ಇನ್ನೂರು ಸಾಲು ಬರೆದು ಮುಗಿಸಿದ. ಲಿನಕ್ಸಿನವರು ಒಪ್ಪಿಕೊಂಡರು, ತಮ್ಮ ಕಣಜಕ್ಕೆ ಸೇರಿಸಿಕೊಂಡರು. ಆ ಬರಹದ ಮೇಲುಗಡೆ ಅವನ ಹೆಸರು ಬಂತು.

ಒಂದು ದಿನ ಬ್ರೆಜಿಲ್ ದೇಶದಿಂದ ಒಂದು ಪೋಸ್ಟ್ ಕಾರ್ಡು ಬಂತು ನೋಡಿ. ಯಾವುದೋ ಹಳ್ಳಿಯ ಮೇಷ್ಟ್ರು. ನಮ್ಮ ಶಾಲೆಗೆ ಯಾರೋ ಇಪ್ಪತ್ತು ಹಳೇ ಕಂಪ್ಯೂಟರು ದಾನ ಕೊಟ್ಟರು, ಇಪ್ಪತ್ತರಲ್ಲೂ ಈ ದರಿದ್ರ ಕಾರ್ಡೇ ಇತ್ತು, ನಿನ್ನಿಂದ ನಮ್ಮ ಮಕ್ಕಳು ನೆಟ್ ನೋಡಿದರು, ನಿನಗೆ ಒಳ್ಳೆಯದಾಗಲಿ ಅಂತ ಬರೆದಿದ್ದ. ವೇಣು ಅದನ್ನು ಓದಿ ಕನ್ನಡದಲ್ಲಿ ಹೇಳಿದ. ದೊಡ್ಡವೆಂಕಟಮ್ಮ ಕಾಗದವನ್ನು ಕಣ್ಣಿಗೊತ್ತಿಕೊಂಡು, "ಯಾವ ಕಾರ್ಡ್ ಕಣೋ ಅದು, ತೋರ್ಸು" ಅಂದಳು. ಅವನು ತೋರಿಸಿದ. ಅಂಗೈಯಗಲದ ಹಸಿರು ಹಲಗೆ, ಒಂದು ಅಂಚಿಗೆ ಸಾಲಾಗಿ ಹಳದಿ ಹಲ್ಲುಗಳು.

"ಚಿನ್ನ ಇದ್ದಂಗೈತಲ್ಲೋ?"

"ಚಿನ್ನಾನೇ ಅಮ್ಮ. ಚಿನ್ನದ ನೀರು ಕೊಟ್ಟಿರ್ತಾರೆ" ಅಂದಿದ್ದ ವೇಣು.

ಅದಾಗಿ ಮೂರು ವರ್ಷ. ಎರಡು ಸಾವಿರದ ಎಂಟರ ಮೇ ತಿಂಗಳಲ್ಲಿ ಒಂದು ಮೇಲ್ ಬಂತು. ಲಿನಕ್ಸಿನಲ್ಲಿ ವೈರ್‌ಲೆಸ್ ಭಾಗದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಜರ್ಮನಿಯವನು ಬರೆದದ್ದು. ಒಳ್ಳೆಯ ಮನುಷ್ಯ, ಮರ್ಯಾದೆಯಿಂದಲೇ ಬರೆದಿದ್ದ. ವೈರ್‌ಲೆಸ್ಸಿನ ಹಳೆಯ ಅಡಿಪಾಯವನ್ನು ಕಿತ್ತು ಹೊಸದು ಹಾಕುತ್ತಿದ್ದೇವೆ, ಹಳೆಯದರ ಮೇಲೆ ನಿಂತಿರುವ ಡ್ರೈವರುಗಳನ್ನೆಲ್ಲ ಹೊಸದಕ್ಕೆ ಹೊಂದಿಸಬೇಕು, ಬರೀ ಬರೆದರೆ ಸಾಲದು, ನಿಜವಾದ ಕಾರ್ಡಿನ ಮೇಲೆ ಓಡಿಸಿ 'ಪರೀಕ್ಷಿಸಿದೆ' ಅಂತ ಒಬ್ಬರು ಹೆಸರು ಹಾಕಬೇಕು. ಜೂನ್ ಹದಿನೈದರೊಳಗೆ ಆಗದಿದ್ದರೆ ನಿಮ್ಮ ಡ್ರೈವರನ್ನು ತೆಗೆದುಹಾಕುತ್ತೇವೆ, ಈಗಾಗಲೇ ಒಂದು ಸಲ ನಿಮಗೋಸ್ಕರ ಮುಂದಕ್ಕೆ ಹಾಕಿದ್ದೇವೆ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಬೇಜಾರು ಮಾಡಿಕೊಳ್ಳಲು ಪುರುಸೊತ್ತೆಲ್ಲಿ? ವೇಣು ಕಾರ್ಖಾನೆಗೆ ಹತ್ತು ದಿನ ರಜೆ ಹಾಕಿ ಕೂತ. ಎದ್ದರೆ ಅದೇ, ಕೂತರೆ ಅದೇ. ಸರಳಾ ತಟ್ಟೆ ತಂದು ಪಕ್ಕದಲ್ಲಿಟ್ಟರೆ ಮುದ್ದೆ ತಣ್ಣಗಾಗಿ ಬಿರುಕು ಬಿಡುವ ತನಕ ಕಣ್ಣೆತ್ತುತ್ತಿರಲಿಲ್ಲ. "ಆ ಡಬ್ಬೀನೇ ಮದ್ವೆ ಆಗ್ಬೇಕಿತ್ತು ನೀವು" ಅಂದಳು. ಅದಕ್ಕೂ ಹೂಂ ಅಂದ. ಹತ್ತನೆಯ ದಿನ ಬರವಣಿಗೆ ಮುಗಿಯಿತು. ಉಳಿದದ್ದು ಕಾರ್ಡನ್ನು ಸಿಕ್ಕಿಸಿ ಓಡಿಸಿ ನೋಡುವುದು, ಒಂದು ಗಂಟೆಯ ಕೆಲಸ. ವೇಣು ಗೋಡೆ ಬೀರು ತೆಗೆದ. ಕಾರ್ಡಿಡುತ್ತಿದ್ದ ರಟ್ಟಿನ ಡಬ್ಬ ಇತ್ತು, ಅದರಲ್ಲಿ ಸುತ್ತಿಟ್ಟಿದ್ದ ಬಟ್ಟೆ ಇತ್ತು. ಕಾರ್ಡು ಇರಲಿಲ್ಲ.

"ಅಮ್ಮಾ, ಇಲ್ಲೊಂದು ಹಸ್ರು ಕಾರ್ಡಿತ್ತಲ್ಲ?"

ದೊಡ್ಡವೆಂಕಟಮ್ಮ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ತಲೆ ಎತ್ತಿ ಒಂದು ನಗೆ ನಕ್ಕಳು, ಎಂಥ ನಗೆ ಅಂತೀರಿ, ಮಗನಿಗೆ ಹಬ್ಬದ ಬಟ್ಟೆ ತಂದು ಮುಚ್ಚಿಟ್ಟವಳ ನಗೆ.

"ಅದು ಇರ್ಬೇಕಾದ್ ಜಾಗ್ದಲ್ಲಿ ಐತೆ ಬಿಡು."

"ಎಲ್ಲಿ?"

"ಹೊಸ ಮನೆ ಹೊಸ್ಲು ಕೆಳಗೆ."

ವೇಣುವಿಗೆ ತಕ್ಷಣ ಅರ್ಥವಾಗಲಿಲ್ಲ. ಆದಾಗ ಖಾಲಿ ಡಬ್ಬವನ್ನು ಹಿಡಿದುಕೊಂಡೇ ನೆಲಕ್ಕೆ ಕೂತ.

ಊರ ಆಚೆ ತುದಿಯಲ್ಲಿ ಅವರ ಹೊಸ ಮನೆ ಏಳುತ್ತಿತ್ತು. ಫೆಬ್ರವರಿಯಲ್ಲಿ ವಾಸ್ಕಾಲು ಪೂಜೆ ಆಗಿತ್ತು. ಬಾಗಿಲ ಚೌಕಟ್ಟು ನಿಲ್ಲಿಸುವಾಗ ಹೊಸ್ತಿಲ ಕೆಳಗೆ ನವಧಾನ್ಯ, ಪಂಚಲೋಹ ಇಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಇವರ ವಂಶದಲ್ಲಿ ಇನ್ನೊಂದು ಪದ್ಧತಿ, ಮನೆ ಯಾರ ದುಡಿಮೆಯಿಂದ ಏಳುತ್ತದೋ ಅವರ ಕಸುಬಿನದೊಂದು ಸಾಮಾನೂ ಇಡಬೇಕು. ಹಳೆಯ ಮನೆಯ ಹೊಸ್ತಿಲಡಿ ತಾತ ನೇಗಿಲ ಗುಳ ಇಟ್ಟಿದ್ದನಂತೆ. ಪೂಜೆಯ ದಿನ ವೇಣುವಿಗೆ ರಜೆ ಸಿಕ್ಕಿರಲಿಲ್ಲ, ಮಾಲೂರಿನಲ್ಲಿ ಮೋಟಾರು ಬಿಚ್ಚಿಕೊಂಡು ಕೂತಿದ್ದ. ನಿನ್ನ ಕಸುಬಿನದು ಸ್ಪ್ಯಾನರೋ ಕಟಿಂಗ್ ಪ್ಲೇಯರೋ ಇಟ್ಟರಾಯಿತು ಅಂತ ಅಪ್ಪ ಹೇಳಿದ್ದ. ಅದು ದೊಡ್ಡವೆಂಕಟಮ್ಮನ ಮನಸ್ಸಿಗೆ ಬರಲಿಲ್ಲ.

"ಸ್ಪ್ಯಾನರ್ ಎಲ್ಲಾರ ತಾವೂ ಇರ್ತದೆ. ನನ್ ಮಗನ ವಿದ್ಯೆ ಅದ್ರಲ್ಲೈತೆ, ಚಿನ್ನಾನೂ ಐತೆ, ಎರಡೂ ಹೊಸ್ಲು ಕೆಳಗೆ ನಿಂತ್ರೆ ಈ ಮನೇಗೆ ಇನ್ನೇನ್ ಬೇಕು ಹೇಳು? ನಿನ್ನ ಕೇಳ್ದೆ ಮಾಡ್ದೆ ಅನ್ಕೋಬೇಡ. ಫೋನ್ ಮಾಡಿದ್ನಲ್ಲ ಅವತ್ತು. ಆ ಹಸ್ರುದು ಈಗ ಕೆಲ್ಸಕ್ಕೈತೇನೋ ಅಂದೆ. ಇಲ್ಲಮ್ಮ, ಅದ್ರ ಕೆಲ್ಸ ಮುಗೀತು ಅಂದೆ ನೀನು."

ಅಂದಿದ್ದ. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಎರಡೂ ಕೈಲಿ ತಂತಿ ಹಿಡಿದು, ಯಾವುದು ಅಂತಲೂ ಕೇಳದೆ ಅಂದಿದ್ದ. ಈಗ ಯಾರ ಮೇಲೆ ಕೂಗಾಡುತ್ತಾನೆ?

"ಹಾಗೇ ಇಟ್ಬಿಟ್ಟೇನಮ್ಮ?"

"ಹಾಗೇ ಇಡ್ತಾರೇನೋ? ರೇಷ್ಮೆ ಬಟ್ಟೇಲ್ ಸುತ್ತಿ, ನಮ್ಮವ್ವ ಕೊಟ್ಟಿದ್ ಹಿತ್ತಾಳೆ ಡಬ್ಬೀಲಿ ಹಾಕಿ, ಮುಚ್ಳಕ್ಕೆ ಮೇಣ ಮೆತ್ತಿ ಇಟ್ಟಿವ್ನಿ. ನೂರು ವರ್ಷ ಆದ್ರೂ ಏನೂ ಆಗಲ್ಲ" ಅಂದಳು. ಆಮೇಲೆ ಮಗನ ಮುಖ ನೋಡಿ, "ಯಾಕೋ? ಬೇಕಾಗಿತ್ತೇನೋ?" ಅಂದಳು.

ವೇಣು ಇಲ್ಲ ಅಂದ. ಸುಮ್ಮನೆ ಕೇಳಿದೆ ಅಂದ. ಡಬ್ಬಿಗೆ ಮೇಣ ಮೆತ್ತಿದ್ದಾಳೆ ಅನ್ನುವುದೇ ಅವನಿಗೆ ಹೆಚ್ಚು ಸಂಕಟವಾಯಿತು. ಹಾಗೇ ಮಣ್ಣಿಗೆ ಹಾಕಿದ್ದರೆ ಹೋಯಿತಲ್ಲ ಅಂತ ಅತ್ತು ಸುಮ್ಮನಾಗಬಹುದಿತ್ತು. ಇದು ಬದುಕಿದೆ. ಮನೆಯಿಂದ ನಾನೂರು ಹೆಜ್ಜೆ ದೂರದಲ್ಲಿ, ಕಲ್ಲಿನ ಕೆಳಗೆ ಜೀವಂತವಾಗಿದೆ.

ಮೇಸ್ತ್ರಿ ಮುನಿಯಲ್ಲಪ್ಪನನ್ನು ಕರೆದುಕೊಂಡು ಹೊಸ ಮನೆಗೆ ಹೋದ. ಮುನಿಯಲ್ಲಪ್ಪ ಬೀಡಿ ಹಚ್ಚಿ, ಹೊಸ್ತಿಲ ಕಲ್ಲಿನ ಮೇಲೆ ಕಾಲಿಡದೆ ದಾಟಿ, ಒಳಗಿನಿಂದೊಮ್ಮೆ ಹೊರಗಿನಿಂದೊಮ್ಮೆ ನೋಡಿದ.

"ಆರಡಿ ಸೈಜುಗಲ್ಲು. ಕೆಳಗೆ ಅರ್ಧ ಅಡಿ ಕಾಂಕ್ರೀಟು. ಮೇಲೆ ವಾಸ್ಕಾಲು ಕೂತೈತೆ, ಅದ್ರ ಮೇಲೆ ಲಿಂಟಲ್ಲು, ಅದ್ರ ಮೇಲೆ ಮೊನ್ನೆ ಹಾಕಿದ್ ತಾರಸಿ ಮೋಲ್ಡು. ಅದಕ್ಕೆ ಕೊಟ್ಟಿರೋ ಊರುಗೋಲು ಇನ್ನೂ ತೆಗ್ದಿಲ್ಲ ನೋಡಪ್ಪ. ಈಗ ಕಲ್ಲು ಅಲ್ಲಾಡ್ಸಿದ್ರೆ ಎಲ್ಲೆಲ್ಲಿ ಬಿರುಕು ಬಿಡ್ತದೋ ನಾನಂತೂ ಹೇಳಲ್ಲ."

"ಪಕ್ಕದಿಂದ ತೂತು ಹೊಡೆದ್ರೆ?"

"ಏನ್ಲಾ ವೇಣು, ನಿಧಿ ತೆಗೀಬೇಕೇನ್ಲಾ?" ಅಂತ ನಕ್ಕ ಮುನಿಯಲ್ಲಪ್ಪ. ಇವನ ಮುಖ ನೋಡಿ ನಗು ನಿಲ್ಲಿಸಿದ. "ಪೂಜೆ ಮಾಡಿ ಮುಚ್ಚಿರೋದಕ್ಕೆ ನಾನು ಹಾರೆ ಹಾಕಲ್ಲಪ್ಪ. ನನಗೂ ಮಕ್ಕಳು ಮರಿ ಐತೆ. ಮೊದ್ಲು ಅಯ್ನೋರನ್ನ ಕೇಳ್ಕೊಂಡ್ ಬಾ."

ಅಯ್ಯನವರು ಅಂದರೆ ಪೂಜೆ ಮಾಡಿಸಿದ ಸೀತಾರಾಮ ಶಾಸ್ತ್ರಿಗಳು, ಇರುವುದು ಮುಳಬಾಗಿಲಿನಲ್ಲಿ. ಅಲ್ಲಿಗೆ ಹೋಗುವ ಮುಂಚೆ ವೇಣು ಕೋಲಾರದಲ್ಲಿಳಿದ. ಹೊಸ್ತಿಲ ಗೊಡವೆಯೇ ಬೇಡ, ಅಂಥದ್ದೇ ಇನ್ನೊಂದು ಕಾರ್ಡು ಸಿಕ್ಕರೆ ಸಾಕು. ಕಾರ್ಡು ಮಾರಿದ್ದ ಕದಿರೇಶ ಡೂಂಲೈಟ್ ಸರ್ಕಲ್ಲಿನ ಹತ್ತಿರ ಈಗಲೂ ಅಂಗಡಿ ಇಟ್ಟುಕೊಂಡಿದ್ದ, ಆದರೆ ಅರ್ಧ ಅಂಗಡಿ ಮೊಬೈಲ್ ಫೋನಿಗೆ ಹೋಗಿತ್ತು.

"ಅಣ್ಣಾ, ಆ ಕಾರ್ಡಾ? ಅದು ಯಾವ ಕಾಲದ್ದು! ಕಂಪನೀನೇ ಇಲ್ಲ" ಅಂದ ಕದಿರೇಶ. ಆದರೂ ಹಳೆಯ ಬಿಲ್ಲು ಪುಸ್ತಕ ಹುಡುಕಿ ತೆಗೆದ, ಪಾಪ. ನಾಲ್ಕು ಮಾರಿದ್ದ. ಎರಡು ವೇಣುವಿಗೇ. ಒಂದು ಮುಳಬಾಗಿಲಿನ ಲೆಕ್ಕಪರಿಶೋಧಕ ನಂದಕಿಶೋರ್ ಅವರಿಗೆ. ಇನ್ನೊಂದು ಶ್ರೀನಿವಾಸಪುರದ ಮಾವಿನ ಮಂಡಿ ನರಸಿಂಹಪ್ಪನವರಿಗೆ. "ನಂದಕಿಶೋರ್ ಅಂದ್ರೆ ನೀವೀಗ ಹೇಳಿದ್ರಲ್ಲ, ಆ ಶಾಸ್ತ್ರಿಗಳ ಮಗಾನೇ ಅಲ್ವಾ? ಒಂದೇ ಮನೇಲಿ ಎರಡು ಕೆಲ್ಸ ಆಯ್ತಲ್ಲಣ್ಣ!" ಅಂದ.

ಒಂದೇ ಮನೆಯಲ್ಲಿ ಎರಡು ಕೆಲಸವೂ ಆಗಲಿಲ್ಲ. ನಂದಕಿಶೋರ್ ಒಳ್ಳೆಯ ಮಾತಿನವರು, ಹೆಂಡತಿ ಶ್ರೀಪ್ರಿಯಾ ಕಾಫಿ ತಂದುಕೊಟ್ಟರು. "ಹೋದ ದೀಪಾವಳೀಲಿ ಮನೆ ಸಾರಿಸೋವಾಗ ಹಳೇ ಕಂಪ್ಯೂಟರ್ ಎಲ್ಲಾ ಗುಜರಿಯವನಿಗೆ ಹಾಕಿಬಿಟ್ವಿ ವೇಣು. ಒಂದು ಮಾತು ಗೊತ್ತಿದ್ದಿದ್ರೆ ತೆಗೆದಿಟ್ಟಿರ್ತಿದ್ದೆ" ಅಂದರು. ಅವರು ಎಷ್ಟು ನೊಂದುಕೊಂಡು ಹೇಳಿದರೆಂದರೆ ವೇಣುವೇ ಅವರಿಗೆ ಸಮಾಧಾನ ಮಾಡಬೇಕಾಯಿತು.

ಶಾಸ್ತ್ರಿಗಳು ಜಗಲಿಯಲ್ಲಿ ಕೂತು ಪೂರಾ ಕೇಳಿದರು. ಡ್ರೈವರ್ ಅಂದರೆ ಏನು ಅಂತ ಎರಡು ಸಲ ಹೇಳಿಸಿಕೊಂಡರು.

"ನ್ಯಾಸ ಮಾಡಿದ್ದನ್ನ, ಅಂದ್ರೆ ಮಂತ್ರ ಹೇಳಿ ನೆಲದಲ್ಲಿಟ್ಟಿದ್ದನ್ನ, ಎತ್ತಬಾರದು ಅಂತಾನೇ ಇರೋದು. ಎತ್ತಲೇಬೇಕಾದ್ರೆ ಪ್ರಾಯಶ್ಚಿತ್ತ ಇದೆ, ಇಲ್ಲ ಅನ್ನಲ್ಲ. ಆದ್ರೆ ಒಂದು ಹೇಳ್ತೀನಿ ಕೇಳಪ್ಪ. ಅವತ್ತು ಆ ಡಬ್ಬೀನ ನಾನೇ ಇಡ್ತೀನಿ ಕೊಡಿ ಅಂದೆ. ನಿಮ್ಮ ತಾಯಿ ಕೊಡ್ಲಿಲ್ಲ. ತಾನೇ ಗುಂಡಿಗೆ ಇಳಿದು, ಎರಡೂ ಕೈಲಿ ಇಟ್ಟು, ಮೂರು ಸಲ ನಿನ್ನ ಹೆಸರು ಹೇಳಿದ್ರು. ನಲವತ್ತು ವರ್ಷದಿಂದ ಪೂಜೆ ಮಾಡಿಸ್ತಿದೀನಿ, ಹಂಗೆ ಇಟ್ಟೋರನ್ನ ನಾನು ನೋಡಿಲ್ಲ. ಅದನ್ನ ಕೀಳಿಸ್ತೀನಿ ಅಂತ ಅವರಿಗೆ ಯಾರು ಹೇಳ್ತೀರಿ? ನೀನು ಹೇಳ್ತೀಯಾ?"

ವೇಣು ಕಾಫಿ ಲೋಟ ಕೆಳಗಿಟ್ಟ. ಅವನಿಗೆ ಹೇಳಲಾಗುವುದಿಲ್ಲ. ಹೇಳಿದರೆ ಅವಳು ತಾನೇ ಮಗನ ಕೆಲಸ ಹಾಳು ಮಾಡಿದೆನೆಂದು ಅನ್ನ ನೀರು ಬಿಟ್ಟು ಕೂರುತ್ತಾಳೆ, ಅದು ಅವನಿಗೆ ಗೊತ್ತು.

ಇನ್ನು ಉಳಿದದ್ದು ಶ್ರೀನಿವಾಸಪುರ. ಜೂನ್ ಹದಿಮೂರು, ಶುಕ್ರವಾರ. ಮಾವಿನ ಸುಗ್ಗಿ, ಬಸ್ಸಿಳಿದರೆ ಊರೆಲ್ಲ ಹಣ್ಣಿನ ವಾಸನೆ, ರಸ್ತೆ ತುಂಬ ಯಲ್ದೂರು ಕಡೆಯಿಂದ ಬಂದ ಟ್ರ್ಯಾಕ್ಟರುಗಳು. ನರಸಿಂಹಪ್ಪನವರ ಮಂಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೆ ಮೂಲೆಯ ಗಾಜಿನ ಕೋಣೆಯಲ್ಲಿ ಧೂಳು ಹೊದ್ದುಕೊಂಡು ಕಂಪ್ಯೂಟರಿತ್ತು, ಅದರ ಬೆನ್ನಲ್ಲಿ ಕಾರ್ಡಿನ ಪುಟ್ಟ ಆಂಟೆನಾ ಕಡ್ಡಿ ನಿಂತಿತ್ತು. ಆ ಕಡ್ಡಿ ಕಂಡದ್ದೇ ವೇಣುವಿಗೆ ಹೋದ ಜೀವ ಬಂದಹಾಗಾಯಿತು.

"ತೀಸ್ಕೋಪ್ಪಾ, ತಗೋ ಹೋಗು! ನಂಗ್ಯಾತಕ್ಕೆ ಅದು? ತೂಕದ ಚೀಟಿ ಬರ್ಯೋಕೆ ವೈರ್‌ಲೆಸ್ ಬೇಕಾ?" ಅಂದರು ನರಸಿಂಹಪ್ಪ. ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಧಾರಾಳ.

ವೇಣು ಕಂಪ್ಯೂಟರ್ ಬಿಚ್ಚಿದ. ಕಾರ್ಡಿನ ಮೇಲೆ ಅದೇ ಹೆಸರು, ಅದೇ ನಂಬರು, ಅದೇ ಚಿನ್ನದ ಹಲ್ಲು. ಆದರೆ ಕಾರ್ಡಿನ ಮಿದುಳಾದ ಚಿಪ್‌ನ ಮೇಲೆ ತಗಡಿನ ಮುಚ್ಚಳ ಬೆಸೆದಿದ್ದರು, ಒಳಗಿನದು ಕಾಣುವಂತಿರಲಿಲ್ಲ. ತಂದಿದ್ದ ಲಿನಕ್ಸ್ ಸೀಡಿ ಹಾಕಿ ಅಲ್ಲೇ ಚಾಲೂ ಮಾಡಿದ. ಹೊರಗೆ ಹರಾಜಿನ ಕೂಗು, ಒಳಗೆ ಇವನು ಒಂದು ಸಾಲು ಟೈಪು ಮಾಡಿದ. ಕಾರ್ಡು ತನ್ನ ಒಳಗಿನ ಗುರುತು ಹೇಳಿತು, ನಾಲ್ಕಂಕಿಯ ಒಂದು ಸಂಖ್ಯೆ.

ಅದು ಅವನ ಸಂಖ್ಯೆಯಲ್ಲ. ಇನ್ನೊಮ್ಮೆ ಟೈಪು ಮಾಡಿದ. ಅಲ್ಲ.

"ಏಮಯ್ಯಾ, ಏನಾಯ್ತು?"

"ಹೆಸರು ಅದೇ ಸಾರ್. ಒಳಗಿನ ಚಿಪ್ ಬೇರೆ, ನನ್ನ ಡ್ರೈವರ್ ಇದಕ್ಕಲ್ಲ. ಕಂಪನಿಯವರು ಮಧ್ಯದಲ್ಲಿ ಚಿಪ್ ಬದಲಾಯಿಸಿ, ಹಳೇ ಹೆಸರಲ್ಲೇ ಮಾರಿದಾರೆ."

ನರಸಿಂಹಪ್ಪ ಕಂಪ್ಯೂಟರ್ ಕಂಡವರಲ್ಲ, ಆದರೆ ಈ ಮಾತು ಅವರಿಗೆ ಥಟ್ಟನೆ ಹೊಳೆಯಿತು. "ಕ್ರೇಟಿನ ಮೇಲೆ ಬಾದಾಮಿ ಜೋಡ್ಸಿ, ಅಡಿಗೆ ನಾಟಿ ಕಾಯಿ ತುಂಬೋ ನನ್ನ ಮಕ್ಕಳು ಅಲ್ಲೂ ಅವ್ರೇನಯ್ಯಾ?" ಅಂದು ಆ ಕಾಣದ ಕಂಪನಿಯ ಮೂರು ತಲೆಮಾರಿಗೂ ಬೈದರು. ಹೋಗುವಾಗ ಒಂದು ಚೀಲ ಹಣ್ಣು ಕೊಟ್ಟರು. ವೇಣು ಬಸ್ಸಿನಲ್ಲಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅಳಬೇಕು ಅನ್ನಿಸಿತು, ಪಕ್ಕದಲ್ಲಿ ಯಾರೋ ಕೂತಿದ್ದರು.

ಬೇರೆ ದಾರಿ ನೋಡಲಿಲ್ಲವೆಂದಲ್ಲ. ಬ್ರೆಜಿಲ್ಲಿನ ಮೇಷ್ಟ್ರಿಗೆ ಮೇಲ್ ಕಳಿಸಿದ, ಆ ವಿಳಾಸವೇ ಇಲ್ಲ ಅಂತ ವಾಪಸು ಬಂತು. ಜಗತ್ತಿಗೆಲ್ಲ ಕಾಣುವ ಹಾಗೆ, ಯಾರ ಹತ್ತಿರವಾದರೂ ಈ ಕಾರ್ಡಿದ್ದರೆ ಪರೀಕ್ಷಿಸಿ ಕೊಡಿ ಅಂತ ಬರೆದ. ಇಬ್ಬರು ಉತ್ತರ ಕೊಟ್ಟರು. ಒಬ್ಬ ಶುಭವಾಗಲಿ ಅಂದ. ಇನ್ನೊಬ್ಬ, ಇಷ್ಟು ಹಳೆಯ ಕಾರ್ಡಿಗೆ ಯಾಕಪ್ಪ ಒದ್ದಾಡುತ್ತೀಯ, ಹೊಸದು ತಗೋ ಅಂದ. ವೇಣುವಿಗೆ ಪಿತ್ತ ನೆತ್ತಿಗೇರಿತು. ಬೈಯಲು ಇಂಗ್ಲಿಷ್ ಸಾಲದೆ ಸುಮ್ಮನಾದ.

ಭಾನುವಾರ ಬಂತು, ಜೂನ್ ಹದಿನೈದು. ಸರಳಾ ಲಕ್ಕೂರಿನ ತವರಿಗೆ ಹೋಗಿದ್ದಳು, ಅಪ್ಪ ಹೊಲಕ್ಕೆ. ಮಧ್ಯಾಹ್ನ ಉಂಡು ಅಮ್ಮ ಎಲ್ಲೋ ಹೊರಗೆ ಹೋದಳು. ವೇಣು ಫೋನ್ ಲೈನಿನಿಂದ ನೆಟ್ ಹಚ್ಚಿಕೊಂಡು ಕೂತ. ಹೊಸ ಬರಹವೆಲ್ಲ ಸಿದ್ಧವಾಗಿತ್ತು. ಕೊನೆಗೊಂದು ಸಾಲು ಬೇಕು, 'ಪರೀಕ್ಷಿಸಿದೆ' ಅಂತ, ಪಕ್ಕದಲ್ಲಿ ಹೆಸರು. ಯಾರು ಬಂದು ನೋಡುತ್ತಾರೆ? ಜರ್ಮನಿಯವನು ಮಾಸ್ತಿಗೆ ಬಸ್ಸು ಹತ್ತಿ ಬರುತ್ತಾನೆಯೇ? ಅವನು ನಂಬುತ್ತಾನೆ, ನಂಬಿಕೆಯ ಮೇಲೇ ಆ ಲೋಕ ನಡೆಯುವುದು. ವೇಣು ಆ ಸಾಲನ್ನು ಟೈಪು ಮಾಡಿದ. ನೋಡಿದ. ಅಳಿಸಿದ. ಮತ್ತೆ ಟೈಪು ಮಾಡಿದ.

ಹನ್ನೊಂದು ವರ್ಷದಿಂದ ಅವನು ಲೈನಿನ ಕೆಲಸ ಮಾಡಿದವನು. ಟೆಸ್ಟರ್ ಇಟ್ಟು ನೋಡದೆ 'ಕರೆಂಟಿಲ್ಲ, ಕೈ ಹಾಕು' ಅಂತ ಒಬ್ಬನಿಗೂ ಹೇಳಿದವನಲ್ಲ. ಈ ಬರಹದಲ್ಲಿ ಎಲ್ಲೋ ಒಂದು ಅಂಕಿ ತಪ್ಪಿದ್ದರೆ? ಆ ಇಪ್ಪತ್ತು ಕಂಪ್ಯೂಟರುಗಳು ಒಂದು ಬೆಳಿಗ್ಗೆ ಮಕ್ಕಳ ಮುಂದೆ ಸ್ತಬ್ಧವಾಗಿ ನಿಂತರೆ, ಮೇಷ್ಟ್ರು ಬಿಚ್ಚಿ ನೋಡಿದರೆ ಅಲ್ಲಿರುವುದು ಇವನ ಹೆಸರು. ಡ್ರೈವರನ್ನು ತೆಗೆದರೂ ಅವು ನಿಲ್ಲುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ಇದಿಲ್ಲ ಅಂತ ಹೇಳಿ ನಿಲ್ಲುತ್ತವೆ, ಇದೆ ಅಂತ ಮೋಸ ಮಾಡಿ ಅಲ್ಲ. ಸಾಲನ್ನು ಅಳಿಸಿದ. ನಾಲ್ಕು ಗಂಟೆಯಾಯಿತು, ಐದಾಯಿತು.

ಆಗ ದೊಡ್ಡವೆಂಕಟಮ್ಮ ಒಳಗೆ ಬಂದಳು. ಸೀರೆಯೆಲ್ಲ ಸಿಮೆಂಟಿನ ಪುಡಿ, ತಲೆಗೂದಲೆಲ್ಲ ಧೂಳು. ಬಾಗಿಲಲ್ಲೇ ನಿಂತಳು, ಮುಂದೆ ಬರಲಿಲ್ಲ.

"ಮುನಿಯಲ್ಲಪ್ಪ ಹೇಳ್ದ ಕಣೋ" ಅಂದಳು. "ಅಂಗ್ಡಿ ತಾವ ಸಿಕ್ಕಿದ್ದ. ನಿನ್ ಮಗ ಹೊಸ್ಲು ಕೀಳ್ಬೇಕು ಅಂತ ಹದಿನೈದ್ ದಿನದಿಂದ ಹುಚ್ಚು ಹಿಡಿದೋನಂಗೆ ಊರೂರು ತಿರುಗ್ತಾವ್ನೆ, ನೀನು ನೋಡಿದ್ರೆ ಬೆಲ್ಲ ಕೊಳ್ತಾ ಇದೀಯ ಅಂದ. ಯಾಕೋ ನಮ್ಮಪ್ಪ, ನಂಗ್ಯಾಕೋ ಹೇಳ್ಲಿಲ್ಲ?"

"ಏನಿಲ್ಲಮ್ಮ ಅದು..."

"ನಾನೇ ಇಟ್ಟಿದ್ದು, ನಾನೇ ತೆಗೀತೀನಿ ಅಂತ ಹೋದೆ. ಹಾರೆ ಅಲ್ಲೇ ಬಿದ್ದಿತ್ತು. ದೇವ್ರೇ, ನನ್ ಮಗಂದು ನನ್ ಮಗನಿಗೆ ಕೊಡು, ಶಾಪ ಏನಿದ್ರೂ ನನಗೆ ಹಾಕು ಅಂತ ಕೇಳ್ಕೊಂಡು ಮೀಟ್ದೆ. ಮಧ್ಯಾಹ್ನದಿಂದ ಮೀಟ್ತಾ ಇವ್ನಿ." ಅವಳು ಎರಡೂ ಅಂಗೈ ಚಾಚಿದಳು. ಬೊಬ್ಬೆಗಳು ಎದ್ದು, ಒಡೆದು, ಚರ್ಮ ಸುಲಿದು ಕೆಂಪಾಗಿತ್ತು. "ಒಂದ್ ಮೂಲೆ ಚಕ್ಕೆ ಎದ್ದಿದ್ದಷ್ಟೇ. ಆಗ್ಲಿಲ್ಲ ಕಣೋ ನನ್ ಕೈಲಿ."

ವೇಣು ಎದ್ದು ಹೋಗಿ ಆ ಕೈಗಳನ್ನು ಹಿಡಿದುಕೊಂಡ. ಎಪ್ಪತ್ತು ದಾಟಿದ ಕೈ. ಅರವತ್ತು ಮಣ ತೂಗುವ ಕಲ್ಲನ್ನು ಇವು ಮೀಟಿದವಂತೆ! ಮಾತು ಸಲೀಸಾಗಿ ಬಂತು.

"ಸಿಕ್ತಮ್ಮ."

"ಏನು?"

"ಇನ್ನೊಂದು ಕಾರ್ಡು. ಶ್ರೀನಿವಾಸಪುರದ ಮಂಡಿ ನರಸಿಂಹಪ್ಪನೋರ ಹತ್ರ ಇತ್ತು. ಮೊನ್ನೇನೇ ಸಿಕ್ತು. ಮುನಿಯಲ್ಲಪ್ಪಂಗೆ ಗೊತ್ತಿಲ್ಲ ಅಷ್ಟೇ."

ದೊಡ್ಡವೆಂಕಟಮ್ಮ ಅವನ ಕಣ್ಣನ್ನೇ ನೋಡಿದಳು. "ನನ್ನಾಣೆ?"

"ನಿನ್ನಾಣೆ. ಮಾವಿನಹಣ್ಣು ತಂದ್ನಲ್ಲ, ಅವರೇ ಕೊಟ್ಟಿದ್ದು."

ಹಣ್ಣು ತಿಂದಿದ್ದಳು, ನಂಬಿದಳು. ಗೋಡೆಗೊರಗಿ ಹಾಗೇ ಕುಸಿದು ಕೂತಳು, ಒಂದೇ ಸಮನೆ ಅತ್ತಳು, ಅಳುತ್ತಲೇ ನಕ್ಕಳು. "ಮುಂಚೇನೇ ಹೇಳಕ್ಕೇನಾಗಿತ್ತೋ ನಿಂಗೆ, ಮುಂಡೇದೆ! ಪೂಜೆ ಮಾಡಿದ್ ಹೊಸ್ಲಿಗೆ ಹಾರೆ ಹಾಕಿಸ್ಬಿಟ್ಟೆಯಲ್ಲೋ ನನ್ ಕೈಲಿ" ಅಂತ ಬೈದಳು. ವೇಣು ಕೊಬ್ಬರಿ ಎಣ್ಣೆ ತಂದು ಅವಳ ಅಂಗೈಗೆ ಸವರಿದ. ಉರಿಗೆ ಹಲ್ಲು ಕಚ್ಚಿಕೊಂಡಳು, ಆದರೂ ಕಣ್ಣು ಕಂಪ್ಯೂಟರಿನ ಮೇಲೇ ಇತ್ತು.

"ಹಂಗಾದ್ರೆ ಕಳ್ಸಿ ಆಯ್ತೇನು ಅವರಿಗೆ?"

"ಕಳಿಸ್ತಾ ಇದ್ದೆ. ಇವತ್ತೇ ಕೊನೇ ದಿನ, ತಪ್ಪಿದ್ರೆ ನನ್ನ ಹೆಸರು ತೆಗೆದುಹಾಕ್ತಾರೆ."

"ಕಳ್ಸು ಮತ್ತೆ, ನಾನೂ ನೋಡ್ತೀನಿ" ಅಂತ ಎದ್ದು ಬಂದು ಅವನ ಕುರ್ಚಿಯ ಹಿಂದೆ ನಿಂತಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡ ಓದಲೂ ಬರುವುದಿಲ್ಲ.

ವೇಣು ಟೈಪು ಮಾಡಿದ. ನನ್ನ ಬಳಿ ಕಾರ್ಡು ಇಲ್ಲ. ಇನ್ನು ಸಿಗುವುದೂ ಇಲ್ಲ. ಹೊಸ ಬರಹವನ್ನು ಪರೀಕ್ಷಿಸಿಲ್ಲ, ಆದ್ದರಿಂದ ಅದನ್ನು ಸೇರಿಸಬೇಡಿ. ಹಳೆಯ ಡ್ರೈವರನ್ನು ದಯವಿಟ್ಟು ತೆಗೆದುಹಾಕಿ. ಕೆಳಗೆ ತನ್ನ ಹೆಸರು ಬರೆದ. ಅಮ್ಮನ ಉಸಿರು ಅವನ ನೆತ್ತಿಗೆ ತಾಕುತ್ತಿತ್ತು. ಕಳಿಸುವ ಗುಂಡಿ ಒತ್ತಿದ.

"ಹೋಯ್ತಾ?"

"ಹೋಯ್ತಮ್ಮ."

"ಇನ್ಮೇಲೆ ನಿನ್ನ ಹೆಸರು ಅಲ್ಲಿಂದ ಯಾರೂ ತೆಗೆಯೋಕಾಗಲ್ಲ, ಅಲ್ವಾ?"

"ಇಲ್ಲಮ್ಮ. ಯಾರೂ ತೆಗೆಯೋಕಾಗಲ್ಲ."

ದೊಡ್ಡವೆಂಕಟಮ್ಮ ಕಂಪ್ಯೂಟರಿಗೆ ಕೈ ಮುಗಿಯಲು ಹೋದಳು. ಗಾಯಕ್ಕೆ ಗಾಯ ತಾಗಿ ಉರಿದು, ಅಂಗೈಗಳನ್ನು ಒಂದಿಷ್ಟು ದೂರವೇ ಹಿಡಿದುಕೊಂಡು ತಲೆ ಬಾಗಿಸಿದಳು.